ಕರೆಂಟ್ ಎಲ್ಲಿ ನಿಂತಿದೆ?



ಮಾರುತಿ 800 ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಆದರೂ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಅದನ್ನು ಜೋಪಾನವಾಗಿ ಇಟ್ಟುಕೊಂಡವರಿದ್ದಾರೆ. ಅಂಥ ಒಂದು ಕಾರು ನನಗೆ ಪಾಠ ಕಲಿಸಿತು.

ಹೊಸದುರ್ಗದ ಕಡೆಯ ತೋಟದ ಶೆಡ್ಡಿನಲ್ಲಿ ಎರಡು ತಿಂಗಳು ನಿಂತಿದ್ದ ಕಾರು. ಇಲಿ ವೈರು ಕಡಿದಿತ್ತು. ಕಣ್ಣಿಗೆ ಕಂಡ ವೈರುಗಳನ್ನೆಲ್ಲ ಜೋಡಿಸಿದೆ. ಸೆಲ್ಫ್ ಹೊಡೆದರೆ ಇಂಜಿನ್ ಸುತ್ತುತ್ತದೆ, ಸ್ಟಾರ್ಟ್ ಆಗದು. ಪೆಟ್ರೋಲ್ ಪಂಪಿನ ಸದ್ದಿಲ್ಲ. 'ಪಂಪ್ ಹೋಗಿದೆ' ಎಂದು ಹೊಸದು ಹಾಕಿಸಿದೆ. ಆಗಲೂ ಸ್ಟಾರ್ಟ್ ಆಗಲಿಲ್ಲ! ಹಿಂಬದಿ ಸೀಟಿನ ಕೆಳಗೆ ಪಂಪಿಗೆ ಹೋಗುವ ವೈರೇ ತುಂಡಾಗಿತ್ತು. ಮಾಲೀಕರು ಕೊಟ್ಟದ್ದು ಮಗಳ ಕಾಲೇಜು ಫೀಸಿಗೆಂದು ಇಟ್ಟಿದ್ದ ದುಡ್ಡು ಎಂದು ಆಮೇಲೆ ತಿಳಿಯಿತು. ಪಂಪಿನ ಹಣ ಹಿಂತಿರುಗಿಸಿದೆ. ಪಂಪಿನ ಸಾಕೆಟ್ಟಿಗೆ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದ್ದರೆ ಐದೇ ನಿಮಿಷದ ಕೆಲಸ.

ಆದ್ದರಿಂದ ಮಕ್ಕಳೇ, ಮೊದಲು ಕೇಳಬೇಕಾದ ಪ್ರಶ್ನೆ 'ಯಾವ ಪಾರ್ಟ್ ಹೋಗಿದೆ?' ಎಂದಲ್ಲ, 'ಕರೆಂಟ್ ಎಲ್ಲಿಯವರೆಗೆ ಬಂದು ನಿಂತಿದೆ?' ಎಂದು.

ಬ್ಯಾಟರಿಯಿಂದ ಶುರುಮಾಡಿ. ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಇಂಜಿನ್ ಸುತ್ತುವುದೇ ಇಲ್ಲವಾದರೆ ಟರ್ಮಿನಲ್, ಅರ್ತ್ ವೈರು, ಸೆಲ್ಫ್ ವೈರು ನೋಡಿ. ಸುತ್ತಿಯೂ ಸ್ಟಾರ್ಟ್ ಆಗದಿದ್ದರೆ ಪ್ಲಗ್ಗಿನಲ್ಲಿ ಕಿಡಿ ಇದೆಯೇ, ಪೆಟ್ರೋಲ್ ಬರುತ್ತಿದೆಯೇ ಪರೀಕ್ಷಿಸಿ. ಎಂಪಿಎಫ್‌ಐ ಗಾಡಿಯಲ್ಲಿ ಕೀ ಆನ್ ಮಾಡಿದೊಡನೆ ಪಂಪ್ ಎರಡು ಮೂರು ಸೆಕೆಂಡ್ ಗುಂಯ್ ಎನ್ನಬೇಕು. ಇಲ್ಲದಿದ್ದರೆ ಫ್ಯೂಸ್, ರಿಲೇ, ಸಾಕೆಟ್ ಹೀಗೆ ಒಂದೊಂದೇ ಹೆಜ್ಜೆ ಮುಂದೆ ಹೋಗಿ. ಸ್ಟಾರ್ಟ್ ಆಗಿ ಜರ್ಕ್ ಹೊಡೆದರೆ ಸೆನ್ಸರ್ ವೈರುಗಳನ್ನೂ ಅರ್ತನ್ನೂ ನೋಡಿ. ಇಸಿಯು, ಸೆನ್ಸರ್ ವೈರುಗಳಿಗೆ ಟೆಸ್ಟ್ ಲ್ಯಾಂಪ್ ಬೇಡ, ಮಲ್ಟಿಮೀಟರ್ ಬಳಸಿ.

ವೈರು ಜೋಡಿಸುವ ಮುನ್ನ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಬರೀ ತಿರುಚಿ ಟೇಪ್ ಸುತ್ತಿದರೆ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಬೆಸುಗೆ ಹಾಕಿ, ಸ್ಲೀವ್ ಏರಿಸಿ.

ಕೊನೆಯದಾಗಿ, ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದ್ದರೆ ಅಲ್ಲಿ ತಾಮ್ರದ ಎಳೆ ಸುತ್ತಬೇಡಿ, ಹೆಚ್ಚು ಆಂಪಿಯರ್‌ನದನ್ನೂ ಹಾಕಬೇಡಿ. ಎಲ್ಲೋ ವೈರು ಬಾಡಿಗೆ ತಾಗುತ್ತಿದೆ ಎಂದು ಫ್ಯೂಸ್ ಎಚ್ಚರಿಸುತ್ತಿದೆ. ಅದರ ಬಾಯಿ ಮುಚ್ಚಿಸಿದರೆ ವೈರೇ ಉರಿಯುತ್ತದೆ. ಆ ಕಾರಿನಲ್ಲಿ ಒಂದು ಸಂಸಾರ ಕುಳಿತಿರುತ್ತದೆ ಎಂಬುದನ್ನು ಮರೆಯದಿರಿ.