ಬೆಂಕಿಯ ಕಾರಣ ಬರೆಯುವವರು ಯಾರು?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)



ನಮಗೆ ಇವತ್ತು ಕೊಟ್ಟಿರುವ ವಿಷಯ ಅಮೆರಿಕಾದ ಕಾಡ್ಗಿಚ್ಚು ಮತ್ತು ನಷ್ಟ ಪರಿಹಾರ. ಈಗ ಹೊರಗೆ ಟೀ ಕುಡಿಯುವಾಗ ಒಬ್ಬ ಹುಡುಗ ಕೇಳಿದ: 'ಅಣ್ಣ, ನಮ್ಮ ಹಾಸ್ಟೆಲ್ಲಿನಲ್ಲಿ ಮೂರು ತಿಂಗಳಿಂದ ಸೋಪಿನ ದುಡ್ಡು ಕೊಟ್ಟಿಲ್ಲ, ನೀವು ಕ್ಯಾಲಿಫೋರ್ನಿಯಾ ಬೆಂಕಿ ಬಗ್ಗೆ ಮಾತಾಡೋಕೆ ಬಂದಿದ್ದೀರಲ್ಲ?' ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಹೇಳಬೇಕಾದರೆ ಮೊದಲು ನಮ್ಮ ಕೇರಿಯಿಂದಲೇ ಶುರು ಮಾಡಬೇಕು.

ನಮ್ಮ ಕೇರಿಯ ಮೇಲೆ ಕರೆಂಟ್ ತಂತಿ ಹೋಗುತ್ತದೆ. ಕೇರಿಗೆ ದೀಪ ಬರುವುದಕ್ಕೂ ಮುಂಚೆಯೇ ಬಂದ ತಂತಿ ಅದು. ಊರಿನವರ ಪಂಪ್‌ಸೆಟ್ಟಿಗೆ ಅಂತ ಎಳೆದದ್ದು. ವರ್ಷದಿಂದ ವರ್ಷಕ್ಕೆ ಜೋತು ಬೀಳುತ್ತಾ ಬಂತು. ಲೈನ್‌ಮ್ಯಾನಿಗೆ ಹೇಳಿ ಹೇಳಿ ಸಾಕಾಗಿತ್ತು. ಒಂದು ಬೇಸಗೆಯ ಮಧ್ಯಾಹ್ನ ಗಾಳಿಗೆ ಎರಡು ತಂತಿ ತಾಗಿ ಕಿಡಿ ಉದುರಿತು. ಕೆಳಗೆ ಹುಲ್ಲಿನ ಬಣವೆ. ಜನರೆಲ್ಲ ಕೂಲಿಗೆ ಹೋಗಿದ್ದರು. ಓಡಿ ಬರುವಷ್ಟರಲ್ಲಿ ಮೂರು ಗುಡಿಸಲು, ಎರಡು ಮೇಕೆ, ಬ್ಯಾಂಕ್ ಸಾಲದಲ್ಲಿ ತಂದಿದ್ದ ಒಂದು ಹಸು ಹೋಗಿದ್ದವು. ನಮ್ಮ ತಮ್ಮನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ ಟ್ರಂಕಿನೊಳಗೇ ಬೂದಿಯಾದವು.

ಸಂಜೆ ಗ್ರಾಮಲೆಕ್ಕಿಗರು ಬಂದರು. ಕೇರಿಯೊಳಕ್ಕೆ ಬರಲಿಲ್ಲ. ಊರಿನ ಯಜಮಾನರ ಜಗಲಿಯ ಮೇಲೆ ಕೂತು ಮಹಜರು ಬರೆದರು. ಬೆಂಕಿಗೆ ಕಾರಣ ಅನ್ನುವ ಕಡೆ 'ಅಡುಗೆ ಒಲೆಯ ಕಿಡಿ ಸಿಡಿದು' ಅಂತ ಬರೆದರು. ಆ ಹೊತ್ತಿನಲ್ಲಿ ಯಾರ ಮನೆಯಲ್ಲೂ ಒಲೆ ಹಚ್ಚಿರಲಿಲ್ಲ. ಹಚ್ಚೋಕೆ ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ನಮ್ಮ ದೊಡ್ಡಪ್ಪ ಹೆಬ್ಬೆಟ್ಟು ಒತ್ತಿದರು. ಓದಿ ಹೇಳುವವರು ಪಕ್ಕದಲ್ಲಿ ಇರಲಿಲ್ಲ. ನಾವು ಇದ್ದೆವು, ಪಿಯುಸಿ ಓದುತ್ತಿದ್ದೆವು. ಆದರೆ ಬೂದಿ ಕೆದಕಿ ಪಾತ್ರೆ ಹುಡುಕುತ್ತಿದ್ದೆವು.

ಆಮೇಲೆ ಕರೆಂಟ್ ಆಫೀಸಿಗೆ ಹೋದರೆ 'ಮಹಜರಿನಲ್ಲಿ ಒಲೆ ಅಂತ ಇದೆಯಲ್ಲ' ಅಂದರು. ಹಸುವಿಗೆ ವಿಮೆ ಇತ್ತು. ಕಿವಿಯ ಟ್ಯಾಗ್ ತಂದು ತೋರಿಸಿ ಅಂದರು. ಕಿವಿಯೇ ಸುಟ್ಟು ಹೋಗಿದೆ ಸ್ವಾಮಿ ಅಂದರೆ, ಟ್ಯಾಗ್ ಇಲ್ಲದೆ ಕ್ಲೇಮ್ ಆಗಲ್ಲ ಅಂದರು. ಸಾಲ ಮಾತ್ರ ಸುಡಲಿಲ್ಲ. ದೊಡ್ಡಪ್ಪ ನಾಲ್ಕು ವರ್ಷ ಕಟ್ಟಿದರು.

ಈಗ ಅಮೆರಿಕಾಕ್ಕೆ ಹೋಗೋಣ. ಅಲ್ಲಿಯ ಕಪ್ಪು ಜನರ ಹೋರಾಟ ನಮಗೆ ದೂರದ್ದಲ್ಲ. ಬಾಬಾಸಾಹೇಬರು 1946ರಲ್ಲಿ ಕಪ್ಪು ಜನರ ನಾಯಕ ಡುಬಾಯ್ಸ್ ಅವರಿಗೆ ಕಾಗದ ಬರೆದು ವಿಚಾರಿಸಿಕೊಂಡಿದ್ದರು. 1972ರಲ್ಲಿ ಬೊಂಬಾಯಿಯ ನಮ್ಮ ಹುಡುಗರು ಪ್ಯಾಂಥರ್ ಅನ್ನುವ ಹೆಸರನ್ನು ಅಲ್ಲಿಂದಲೇ ತಂದರು.

ಲಾಸ್ ಏಂಜಲೀಸ್ ಪಕ್ಕದ ಬೆಟ್ಟದ ಬುಡದಲ್ಲಿ ಆಲ್ಟಡೀನಾ ಅಂತ ಒಂದು ಊರು. ಊರಿನ ನಡುವೆ ಲೇಕ್ ಅವೆನ್ಯೂ ಅಂತ ರಸ್ತೆ. ಅದರ ಪಡುವಣ ಭಾಗದಲ್ಲಿ ಕಪ್ಪು ಜನ ಹೆಚ್ಚು. ಇದು ತಾನಾಗಿ ಆದದ್ದಲ್ಲ. 1930ರ ದಶಕದಲ್ಲಿ ಅಲ್ಲಿಯ ಸರ್ಕಾರದ ಗೃಹಸಾಲ ಸಂಸ್ಥೆ ನಗರಗಳ ನಕ್ಷೆ ತಯಾರಿಸಿತು. ಕಪ್ಪು ಜನ ಇರುವ ಬೀದಿಗಳಿಗೆ ಕೆಂಪು ಬಣ್ಣ ಬಳಿದು 'ಅಪಾಯ' ಅಂತ ಬರೆಯಿತು. ಕೆಂಪು ಬೀದಿಗೆ ಸಾಲ ಇಲ್ಲ. ಬಿಳಿಯರ ಬೀದಿಯಲ್ಲಿ ಕಪ್ಪು ಜನರಿಗೆ ಮನೆ ಮಾರಬಾರದು ಅಂತ ಕ್ರಯಪತ್ರದಲ್ಲೇ ಷರತ್ತು. ಆ ಷರತ್ತು ಕೋರ್ಟಿನಲ್ಲಿ ನಡೆಯದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಮನೆ ಮಾರಾಟದಲ್ಲಿ ಭೇದ ಮಾಡಬಾರದು ಅಂತ ಕೇಂದ್ರ ಕಾನೂನು ಬಂದದ್ದು 1968ರಲ್ಲಿ. ಆಗಲೂ ಬ್ರೋಕರುಗಳು ಕಪ್ಪು ಜನರನ್ನು ಪಡುವಣಕ್ಕೇ ಕರೆದುಕೊಂಡು ಹೋದರು. ಊರ ಹೊರಗಿನ ಕೇರಿ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಅವರು ದುಡಿದು, ಚೀಟಿ ಕಟ್ಟಿದ ಹಾಗೆ ಕಂತು ಕಟ್ಟಿ ಮನೆ ಮಾಡಿಕೊಂಡರು. ಎರಡು ಮೂರು ತಲೆಮಾರಿನ ಬೆವರು ಆ ಮನೆಗಳು.

2025ರ ಜನವರಿ 7ರ ಸಂಜೆ ಬಿರುಗಾಳಿಯಲ್ಲಿ ಈಟನ್ ಕಣಿವೆಯಲ್ಲಿ ಬೆಂಕಿ ಹತ್ತಿತು. 9,400ಕ್ಕೂ ಹೆಚ್ಚು ಕಟ್ಟಡಗಳು ನೆಲಸಮವಾದವು. 19 ಜನ ಸತ್ತರು. ಮೂಡಣ ಭಾಗದವರಿಗೆ ಮನೆ ಬಿಟ್ಟು ಹೊರಡಿ ಅನ್ನುವ ಆದೇಶ ಸಂಜೆಯೇ ಹೋಯಿತು. ಪಡುವಣದವರಿಗೆ ಅದು ಬಂದದ್ದು ಬೆಳಗಿನ ಜಾವ ಮೂರು ಗಂಟೆಯ ಮೇಲೆ. ಸತ್ತವರು ಹೆಚ್ಚುಕಮ್ಮಿ ಎಲ್ಲರೂ ಪಡುವಣದವರು. ಅಲ್ಲಿಯ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದಾಗ, ಆ ಊರಿನ ಕಪ್ಪು ಜನರ ಮನೆಗಳಲ್ಲಿ ನೂರಕ್ಕೆ 48 ನಾಶವಾಗಿದ್ದವು ಅಥವಾ ಭಾರೀ ಹಾನಿಯಾಗಿದ್ದವು. ಉಳಿದವರದು ನೂರಕ್ಕೆ 37. ಬೆಂಕಿಗೆ ಜಾತಿ, ಬಣ್ಣ ಇಲ್ಲ ಅಂತಾರೆ. ಇರಬಹುದು. ಬೆಂಕಿ ಬಂತು ಅಂತ ಯಾರ ಬಾಗಿಲನ್ನು ಮೊದಲು ತಟ್ಟಬೇಕು ಅನ್ನುವುದಕ್ಕೆ ಇದೆ.

ಸರಿ, ಕಾರಣ ಯಾರು ಬರೆದರು? ಬೆಂಕಿ ಹುಟ್ಟಿದ ಜಾಗದಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಎಡಿಸನ್ ಅನ್ನುವ ವಿದ್ಯುತ್ ಕಂಪನಿಯ ಗೋಪುರಗಳಿವೆ. ಜನ ಸುಮ್ಮನೆ ಕೂರಲಿಲ್ಲ. ಆ ರಾತ್ರಿ ತಾವು ತೆಗೆದ ಫೋಟೋ, ವಿಡಿಯೋ ಜೋಪಾನ ಮಾಡಿ ವಕೀಲರಿಗೆ ಕೊಟ್ಟರು. ಒಂದು ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಗೋಪುರದ ಕಡೆ ಮಿಂಚಿದ್ದು ದಾಖಲಾಗಿತ್ತು. ಕೆಲವೇ ದಿನಗಳಲ್ಲಿ ದಾವೆಗಳು ಬಿದ್ದವು. 1971ರಿಂದ ಉಪಯೋಗಿಸದೆ ಬಿಟ್ಟಿದ್ದ ಲೈನೊಂದಕ್ಕೆ ಪಕ್ಕದ ಲೈನಿನಿಂದ ಕರೆಂಟ್ ಹೊಕ್ಕು ಕಿಡಿ ಎದ್ದಿರುವ ಸಾಧ್ಯತೆ ಇದೆ ಅಂತ ಕಂಪನಿಯೇ ಹೇಳಬೇಕಾಯಿತು. 2025ರ ಮಾರ್ಚಿಯಲ್ಲಿ ಲಾಸ್ ಏಂಜಲೀಸ್ ಜಿಲ್ಲಾಡಳಿತ, ಸೆಪ್ಟೆಂಬರಿನಲ್ಲಿ ಅಮೆರಿಕಾದ ಕೇಂದ್ರ ಸರ್ಕಾರ ಕೂಡ ಕಂಪನಿಯ ಮೇಲೆ ದಾವೆ ಹೂಡಿದವು. ಅಲ್ಲಿ ಕಾರಣದ ಕಾಲಮ್ಮಿನಲ್ಲಿ 'ಒಲೆಯ ಕಿಡಿ' ಅಂತ ಬರೆಯೋಕೆ ಯಾರಿಗೂ ಆಗಲಿಲ್ಲ.

ಆ ರಾಜ್ಯದ ಕಾನೂನಿನಲ್ಲಿ ಒಂದು ಗಟ್ಟಿ ಅಂಶ ಇದೆ. ಸಾರ್ವಜನಿಕ ಉಪಯೋಗಕ್ಕೆ ಒಬ್ಬನ ಆಸ್ತಿ ತೆಗೆದುಕೊಂಡರೆ ಪರಿಹಾರ ಕೊಡಬೇಕು ಅನ್ನುವುದು ಸಂವಿಧಾನದ ಮಾತು. ಎಲ್ಲರಿಗೂ ಕರೆಂಟ್ ಕೊಡುವ ಲೈನಿನಿಂದ ಒಬ್ಬನ ಮನೆ ಸುಟ್ಟರೆ ಅದೂ ತೆಗೆದುಕೊಂಡ ಹಾಗೇ ಲೆಕ್ಕ ಅಂತ ಅಲ್ಲಿಯ ಕೋರ್ಟುಗಳು ತೀರ್ಮಾನಿಸಿವೆ. ಕಂಪನಿ ಬೇಜವಾಬ್ದಾರಿ ಮಾಡಿತು ಅಂತ ಸಾಬೀತು ಮಾಡಬೇಕಾಗಿಲ್ಲ. ಬೆಂಕಿ ಅವರ ಲೈನಿನಿಂದ ಬಂತು ಅಂತ ತೋರಿಸಿದರೆ ಆಸ್ತಿ ನಷ್ಟ ಕಟ್ಟಿಕೊಡಬೇಕು. ಅಂದರೆ ಇಡೀ ಜಗಳ ಕಾರಣದ ಮೇಲೆಯೇ ನಿಂತಿದೆ.

ಇನ್ನು ವಿಮೆ. 1965ರಲ್ಲಿ ಲಾಸ್ ಏಂಜಲೀಸಿನ ವಾಟ್ಸ್ ಬಡಾವಣೆಯಲ್ಲಿ ಕಪ್ಪು ಜನ ಸಿಡಿದೆದ್ದರು. ಇಂಥ ಬಡಾವಣೆಗಳಿಂದ ವಿಮಾ ಕಂಪನಿಗಳು ಕಾಲು ಕಿತ್ತವು. ಕಾಡಿನಂಚಿನ ಮನೆಗಳಿಗೂ ವಿಮೆ ಸಿಗದಾಯಿತು. ಆಗ 1968ರಲ್ಲಿ, ಯಾರೂ ವಿಮೆ ಕೊಡದವರಿಗೆ ಕೊನೆಯ ಆಸರೆ ಅಂತ ಫೇರ್ ಪ್ಲಾನ್ ಅನ್ನುವ ವ್ಯವಸ್ಥೆ ಹುಟ್ಟಿತು. ಈಚೆಗೆ ಕಾಡ್ಗಿಚ್ಚಿನ ನೆಪದಲ್ಲಿ ಕಂಪನಿಗಳು ಮತ್ತೆ ಕಾಲು ಕೀಳುತ್ತಿವೆ. 2024ರಲ್ಲಿ ಅಲ್ಲಿಯ ಅತಿ ದೊಡ್ಡ ಗೃಹವಿಮೆ ಕಂಪನಿ 72,000 ಪಾಲಿಸಿಗಳನ್ನು ಮುಂದುವರಿಸುವುದಿಲ್ಲ ಅಂತ ಸಾರಿತು. ಹತ್ತಾರು ವರ್ಷ ಕಂತು ಕಟ್ಟಿದವರು ಬೀದಿಗೆ ಬಿದ್ದು, ಹೆಚ್ಚು ದುಡ್ಡಿಗೆ ಕಡಿಮೆ ರಕ್ಷಣೆಯ ಫೇರ್ ಪ್ಲಾನಿಗೆ ಹೋದರು. ಮನೆ ನಿಂತಿದೆ, ಆದರೆ ಒಳಗೆಲ್ಲ ಹೊಗೆ, ವಿಷದ ಬೂದಿ ಸೇರಿದೆ ಅಂತ ಕ್ಲೇಮ್ ಹಾಕಿದರೆ, ಕಣ್ಣಿಗೆ ಕಾಣುವ ಶಾಶ್ವತ ಹಾನಿ ಇಲ್ಲ ಅಂತ ಫೇರ್ ಪ್ಲಾನ್ ತಳ್ಳಿಹಾಕುತ್ತಿತ್ತು. ಅದರ ಪಾಲಿಸಿಯ ಆ ಷರತ್ತು ಕಾನೂನುಬಾಹಿರ ಅಂತ 2025ರ ಜೂನಿನಲ್ಲಿ ಲಾಸ್ ಏಂಜಲೀಸಿನ ಕೋರ್ಟ್ ತೀರ್ಪು ಕೊಟ್ಟಿತು. 'ಆಗಲ್ಲ' ಅನ್ನುವ ಕಾಗದವೇ ಕೊನೆಯಲ್ಲ ಅಂತ ಇದರಿಂದ ತಿಳಿಯಬೇಕು.

ಇನ್ನೊಂದು ಸಂಕಟ ಕೇಳಿ. ಅಲ್ಲಿ ಎಷ್ಟೋ ಮನೆಗಳು ಇನ್ನೂ ಸತ್ತ ಅಜ್ಜ ಅಜ್ಜಿಯರ ಹೆಸರಲ್ಲೇ ಇದ್ದವು. ಮೊಮ್ಮಕ್ಕಳು ಪರಿಹಾರ ಕೇಳಿದರೆ ನೀವು ಯಾರು ಅಂತ ಪ್ರಶ್ನೆ. ನಮ್ಮಲ್ಲಿ ಪೌತಿ ಖಾತೆ ಆಗದ ಎಷ್ಟು ಜಮೀನು, ಹಕ್ಕುಪತ್ರ ಇಲ್ಲದ ಎಷ್ಟು ಗುಡಿಸಲು ಇವೆ? ಇಲ್ಲಿ ಕೂತಿರುವ ನಿಮ್ಮಲ್ಲಿ ಎಷ್ಟು ಜನರ ಮನೆ ನಿಮ್ಮ ಅಪ್ಪನ ಹೆಸರಲ್ಲಿದೆ? ಈ ರಜಕ್ಕೆ ಹೋದಾಗ ಕೇಳಿ ನೋಡಿ.

ಅಮೆರಿಕಾದಲ್ಲಿ ನ್ಯಾಯ ಹರಿದಾಡುತ್ತದೆ ಅಂತ ತಿಳಿಯಬೇಡಿ. ಎಡಿಸನ್‌ಗಿಂತ ಮುಂಚೆ, 2018ರ ನವೆಂಬರ್ 8ರಂದು, ಅದೇ ರಾಜ್ಯದ ಉತ್ತರದಲ್ಲಿ ಪ್ಯಾರಡೈಸ್ ಅನ್ನುವ ಊರು ಸುಟ್ಟಿತು. 85 ಜನ ಸತ್ತರು. ಪಿಜಿ ಅಂಡ್ ಇ ಅನ್ನುವ ಕಂಪನಿಯ ಸುಮಾರು ನೂರು ವರ್ಷದ ಹಳೆಯ ಲೈನಿನಲ್ಲಿ ಒಂದು ಕಬ್ಬಿಣದ ಕೊಕ್ಕೆ ಸವೆದು ಮುರಿದದ್ದೇ ಕಾರಣ. ಕಂಪನಿ 2019ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಸಂತ್ರಸ್ತರಿಗೆ 1,350 ಕೋಟಿ ಡಾಲರ್ ಅಂತ ಒಪ್ಪಂದವಾಯಿತು. ಅದರಲ್ಲಿ ಅರ್ಧ ನಗದಲ್ಲ, ಅದೇ ಕಂಪನಿಯ ಷೇರು! ಮನೆ ಸುಟ್ಟ ಕಂಪನಿಯ ಷೇರಿನ ಬೆಲೆ ಏರಲಿ ಅಂತ ಮನೆ ಕಳಕೊಂಡವರೇ ಹಾರೈಸಬೇಕಾಯಿತು. ವರ್ಷಗಟ್ಟಲೆ ಕಾದರೂ ಲೆಕ್ಕದ ಪೂರ್ತಿ ಹಣ ಕೈಗೆ ಬರಲಿಲ್ಲ. 2020ರ ಜೂನಿನಲ್ಲಿ ಕಂಪನಿ 84 ಸಾವಿಗೆ ತಪ್ಪೊಪ್ಪಿಕೊಂಡಿತು. ದಂಡ ಕಟ್ಟಿತು. ಒಬ್ಬ ಅಧಿಕಾರಿಯೂ ಜೈಲಿಗೆ ಹೋಗಲಿಲ್ಲ.

ಎಡಿಸನ್ ಕಂಪನಿಯೂ 2025ರ ಕೊನೆಯಲ್ಲಿ ನೇರವಾಗಿ ಪರಿಹಾರ ಕೊಡುವ ಯೋಜನೆ ತೆರೆಯಿತು. ಬೇಗ ದುಡ್ಡು ಸಿಗುತ್ತದೆ. ಆದರೆ ತೆಗೆದುಕೊಂಡವರಿಗೆ ಕಂಪನಿಯ ವಿರುದ್ಧ ಕೋರ್ಟಿನ ದಾರಿ ಮುಚ್ಚುತ್ತದೆ. ಬಾಡಿಗೆ ಮನೆಯಲ್ಲಿರುವವರು, ಮಕ್ಕಳ ಫೀಸು ಕಟ್ಟಬೇಕಾದವರು ಎಷ್ಟು ದಿನ ಕಾಯುತ್ತಾರೆ? ಬಡವನ ಅವಸರ ಕಂಪನಿಗೆ ಲಾಭ. ಸಹಿ ಮಾಡಿದವರನ್ನು ನಾವು ಬೈಯಬಾರದು. ಓದದೆ ಸಹಿ ಮಾಡುವ ಹಾಗೆ ಆಗಬಾರದು, ಅಷ್ಟೆ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ನಮ್ಮ ದೇಶದಲ್ಲಿ ಏನಿದೆ? ನಮ್ಮ ಕೈಗೆ ಯಾರೂ ಕೊಡದ ಹತಾರಗಳು ಇವೆ. ಬರೆದುಕೊಳ್ಳಿ.

ಮಳೆನೀರಲ್ಲಿ ಬಿದ್ದಿದ್ದ ಜೀವಂತ ತಂತಿ ತಾಗಿ, ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದ ಕೆಲಸಗಾರ ಸತ್ತ. ಯಾರೋ ಕದ್ದು ಕರೆಂಟ್ ಎಳೆದಿದ್ದರು, ತಪ್ಪು ನಮ್ಮದಲ್ಲ ಅಂತ ಮಧ್ಯಪ್ರದೇಶ ವಿದ್ಯುತ್ ಮಂಡಳಿ ವಾದಿಸಿತು. 2002ರಲ್ಲಿ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ. ಅಪಾಯದ ವಸ್ತು ಹರಿಸುವವರೇ ಹೊಣೆ, ಬೇಜವಾಬ್ದಾರಿ ಸಾಬೀತಾಗಬೇಕಿಲ್ಲ ಅಂತ ಹೇಳಿತು. ಕ್ಯಾಲಿಫೋರ್ನಿಯಾದ ಕಾನೂನಿಗೆ ಇದು ದಾಯಾದಿ. ಜೋತು ಬಿದ್ದ ತಂತಿಯಿಂದ ಬಣವೆ, ಕಬ್ಬು, ಗುಡಿಸಲು ಸುಟ್ಟಾಗ ನಮ್ಮ ವಾದ ಇಲ್ಲಿಂದಲೇ ಶುರುವಾಗಬೇಕು.

ವಕೀಲರಿಗೆ ದುಡ್ಡಿಲ್ಲ ಅಂತೀರಿ. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೊಡಬೇಕು. ತಾಲ್ಲೂಕು ಕೋರ್ಟಿನಲ್ಲೇ ಅದರ ಸಮಿತಿ ಇರುತ್ತದೆ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ವಿಮೆಯವರು 'ಆಗಲ್ಲ' ಅಂದರೆ, ಯಾಕೆ ಅಂತ ಬರೆದು ಕೊಡಿ ಅನ್ನಿ. ಬಾಯಿ ಮಾತಿಗೆ ಎದ್ದು ಬರಬೇಡಿ. ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಒಪ್ಪದಿದ್ದರೆ, ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕ ಇಲ್ಲ, ವಕೀಲರು ಬೇಡ. ಇಲ್ಲವೇ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕಟ್ಟಿದ ಕಂತು ಐದು ಲಕ್ಷದೊಳಗಿದ್ದರೆ ಅಲ್ಲೂ ಶುಲ್ಕ ಇಲ್ಲ. ನಮ್ಮ ದೊಡ್ಡಪ್ಪನಿಗೆ ಈ ಒಂದು ಮಾತು ಹೇಳುವವರು ಇರಲಿಲ್ಲ.

ಬೆಂಕಿ ತಾನಾಗಿ ಬಿದ್ದದ್ದಲ್ಲ, ಜಾತಿವಾದಿಗಳು ಇಟ್ಟದ್ದು ಅನ್ನುವಾಗ ದಾರಿ ಬೇರೆ. ಅದಕ್ಕೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಅಲ್ಲೂ ಸಾಕ್ಷಿಯೇ ಪ್ರಾಣ. 2000ದ ಮಾರ್ಚಿಯಲ್ಲಿ ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಜೀವಂತ ಸುಟ್ಟರು. ಸಾಕ್ಷಿಗಳು ನಿಲ್ಲದೆ 2006ರಲ್ಲಿ ಆರೋಪಿಗಳು ಬಿಡುಗಡೆಯಾದರು.

ಕಡೆಗೆ ಒಂದು ಕೆಲಸ ಹೇಳುತ್ತೇವೆ. ನೀವು ಊರಿಗೆ ಹೋದಾಗ ಕೇರಿಯ ಪ್ರತಿ ಮನೆಯ ಹಕ್ಕುಪತ್ರ, ಪಹಣಿ, ರೇಷನ್ ಕಾರ್ಡು, ವಿಮೆ ಚೀಟಿ, ಮಾರ್ಕ್ಸ್ ಕಾರ್ಡುಗಳ ಫೋಟೋ ತೆಗೆದು ಎರಡು ಕಡೆ ಇಡಿ. ದನಗಳ ಟ್ಯಾಗ್ ನಂಬರ್ ಕಾಣುವ ಹಾಗೆ ಫೋಟೋ ತೆಗೆಯಿರಿ. ಜೋತು ಬಿದ್ದ ತಂತಿಯ ಫೋಟೋ ತೆಗೆದು, ಊರಿನವರ ಸಹಿ ಹಾಕಿಸಿ ಕರೆಂಟ್ ಆಫೀಸಿಗೆ ಅರ್ಜಿ ಕೊಡಿ. ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ನಾಳೆ ಬೆಂಕಿ ಬಿದ್ದರೆ ಆ ಸೀಲು ಮಾತಾಡುತ್ತದೆ.

ಮಹಜರು ಬರೆಯುವಾಗ ಬೂದಿ ಕೆದಕುವುದನ್ನು ಬೇರೆಯವರಿಗೆ ಬಿಡಿ. ನೀವು ಬರೆಯುವವರ ಪಕ್ಕದಲ್ಲಿ ಕೂತುಕೊಳ್ಳಿ. ಕಾರಣದ ಕಾಲಮ್ಮಿನಲ್ಲಿ ಏನು ಬರೆದರು ಅಂತ ಗಟ್ಟಿಯಾಗಿ ಓದಿ ಎಲ್ಲರಿಗೂ ಕೇಳಿಸಿ. ಸುಳ್ಳಾಗಿದ್ದರೆ ಹೆಬ್ಬೆಟ್ಟು ಒತ್ತಲು ಬಿಡಬೇಡಿ. ನಾವು ಅವತ್ತು ಮಾಡದೆ ಹೋದ ಕೆಲಸ ಅದು. ನೀವು ಮಾಡಿ.

ಸೋಪಿನ ದುಡ್ಡಿನ ಅರ್ಜಿಯನ್ನೂ ಇವತ್ತೇ ಬರೆಯೋಣ. ಆ ಹುಡುಗನೇ ಬರೆಯಲಿ. ನಕಲಿಗೆ ವಾರ್ಡನ್ನರ ಸೀಲು ಹಾಕಿಸಿಕೊಂಡು ಬರೋಣ.