ಮಾಥೇರಾನದಲ್ಲಿ ಮನೆ: ಕೊಳ್ಳುವ ಮುನ್ನ ನಾಲ್ಕು ಮಾತು

(ಸಂಘದ ಉಚಿತ ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಪಂಡಿತರು ನಿಂತು ಮಾತನಾಡುವ ಈ ಸ್ಥಳದಲ್ಲಿ ಗಿರಣಿಯ ಗುಮಾಸ್ತನೊಬ್ಬನಿಗೆ ಅವಕಾಶ ಕೊಟ್ಟಿದ್ದೀರಿ. ಮೆಟ್ರಿಕ್ ಮುಗಿಸಿ ಲೆಕ್ಕದ ಪುಸ್ತಕ ಹಿಡಿದವನು ನಾನು. ಆದಕಾರಣ ಲೆಕ್ಕ ಮತ್ತು ಕಾಗದ, ಇವೆರಡರ ಗಡಿ ದಾಟದೆ ಮಾತನಾಡುತ್ತೇನೆ.

ಭಾನುವಾರಗಳಂದು ಈ ವಾಚನಾಲಯದ ಮೇಜಿನ ಮೇಲೆ ಪತ್ರಿಕೆ ಜೋಡಿಸುವ ಸೇವೆ ನನ್ನದು. ಈಚೆಗೆ ಮರಾಠಿ ಪತ್ರಿಕೆಗಳಲ್ಲಿ ಚೌಕಾಕಾರದ ಕಿಂಡಿಗಳು ಕಾಣುತ್ತಿವೆ. ಯಾರೋ ಜಾಹೀರಾತು ಕತ್ತರಿಸಿ ಒಯ್ದಿರುತ್ತಾರೆ. ‘ಮಾಥೇರಾನದ ತಪ್ಪಲಲ್ಲಿ ಬಂಗಲೆಯ ನಿವೇಶನ’, ‘ಕುದುರೆ ಸವಾರಿ, ತಂಪು ಹವೆ, ಕಲ್ಯಾಣದಿಂದ ಒಂದು ಗಂಟೆ’ ಎಂಬಂಥವು. ಕತ್ತರಿಸಿದವರ ಮೇಲೆ ನನಗೆ ಕೋಪವಿಲ್ಲ. ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಮೂವತ್ತು ವರ್ಷ ಕಳೆದು, ನಿವೃತ್ತಿಯ ಹೊಸ್ತಿಲಲ್ಲಿ ನಿಂತವರಿಗೆ ಒಂದು ಬೆಟ್ಟ, ಒಂದು ಅಂಗಳ ಬೇಕೆನಿಸುವುದು ಸಹಜ. ಆದರೆ ಆ ಹಣ ಪ್ರಾವಿಡೆಂಟ್ ಫಂಡಿನ ಹಣ. ಅದು ಒಮ್ಮೆ ಮಾತ್ರ ಕೈಗೆ ಬರುತ್ತದೆ. ಆದುದರಿಂದಲೇ ಈ ನಾಲ್ಕು ಮಾತು.

ಮೊದಲು ಬೆಟ್ಟದ ವಿಚಾರ. ಮರಾಠಿಯಲ್ಲಿ ಮಾಥಾ ಎಂದರೆ ತಲೆ, ರಾನ್ ಎಂದರೆ ಕಾಡು. ತಲೆಯ ಮೇಲೆ ಕಾಡು ಹೊತ್ತ ಬೆಟ್ಟವೇ ಮಾಥೇರಾನ್. ಎತ್ತರ ಸುಮಾರು 800 ಮೀಟರು. 1850ರಲ್ಲಿ ನಮ್ಮ ಠಾಣೆ ಜಿಲ್ಲೆಯ ಕಲೆಕ್ಟರನಾಗಿದ್ದ ಹ್ಯೂ ಮ್ಯಾಲೆಟ್ ಎಂಬಾತ ಇದನ್ನು ಹತ್ತಿ ಆಂಗ್ಲರಿಗೆ ಪರಿಚಯಿಸಿದ. ಹಾಗೆಂದು ಅದಕ್ಕೆ ಮುಂಚೆ ಅಲ್ಲಿ ಯಾರೂ ಇರಲಿಲ್ಲವೆಂದಲ್ಲ. ಠಾಕರರೂ ಕಾತಕರಿಗಳೂ ಧನಗರರೂ ಆ ಕಾಡುದಾರಿಗಳನ್ನು ಬಲ್ಲವರೇ ಆಗಿದ್ದರು. 1907ರಲ್ಲಿ ಪೀರಭಾಯ್ ಮನೆತನದವರು ನೇರಳದಿಂದ ಮೇಲಕ್ಕೆ ಎರಡಡಿ ಅಗಲದ ಹಳಿಯ ಪುಟ್ಟ ರೈಲನ್ನು ಓಡಿಸಿದರು. ಇಂದು ಊರು ರಾಯಗಡ ಜಿಲ್ಲೆಯ ಕರ್ಜತ್ ತಾಲೂಕಿಗೆ ಸೇರಿದೆ. 2011ರ ಜನಗಣತಿಯಲ್ಲಿ ಅಲ್ಲಿದ್ದವರು 4,393 ಮಂದಿ. ನಮ್ಮ ಡೊಂಬಿವಲಿಯ ನಾಲ್ಕು ಬೀದಿಯಲ್ಲಿ ಅಷ್ಟು ಜನ ಸಿಕ್ಕಾರು!

ಈ ಊರಿನ ವಿಶೇಷ ತಮಗೆಲ್ಲ ಗೊತ್ತು: ಮೋಟಾರಿಗೆ ಅಲ್ಲಿ ಪ್ರವೇಶವಿಲ್ಲ. ನೇರಳದಿಂದ ಹತ್ತಿದ ಟ್ಯಾಕ್ಸಿ ದಸ್ತೂರಿ ನಾಕೆಯಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಪೇಟೆಗೆ ಸುಮಾರು ಎರಡೂವರೆ ಕಿಲೋಮೀಟರು. ನಡೆಯಬೇಕು, ಇಲ್ಲವೇ ಕುದುರೆ ಏರಬೇಕು, ಇಲ್ಲವೇ ಪಕ್ಕದ ಅಮನ್ ಲಾಜ್ ನಿಲ್ದಾಣದಿಂದ ಪುಟ್ಟ ರೈಲು ಹಿಡಿಯಬೇಕು. ಮನುಷ್ಯರು ಎಳೆಯುವ ಕೈಗಾಡಿಗಳೂ ಬಹುಕಾಲದಿಂದ ಇದ್ದವು. ಅವುಗಳಲ್ಲಿ 94ಕ್ಕೆ ಪರವಾನಗಿ ಇತ್ತು. ಮನುಷ್ಯನನ್ನು ಮನುಷ್ಯ ಎಳೆಯುವುದು ಸಲ್ಲದೆಂದು ಸುಪ್ರೀಂ ಕೋರ್ಟು 2025ರ ಆಗಸ್ಟಿನಲ್ಲಿ ಹೇಳಿ, ಆರು ತಿಂಗಳೊಳಗೆ ಅದನ್ನು ನಿಲ್ಲಿಸಲು ಆಜ್ಞೆ ಮಾಡಿತು. ಅದಕ್ಕೆ ಬದಲಾಗಿ ಬರಬೇಕಾದ ವಿದ್ಯುತ್ ರಿಕ್ಷಾಗಳ ಪ್ರಯೋಗ 2022ರ ಡಿಸೆಂಬರಿನಲ್ಲೇ ಆರಂಭವಾಗಿತ್ತು.

ಉಳಿದದ್ದು ಕುದುರೆ. ಸವಾರಿಯ ಕುದುರೆಗಳೇ 400ಕ್ಕೂ ಹೆಚ್ಚು. ಪ್ರವಾಸಿಗೆ ಅದು ವಿನೋದ, ಅಲ್ಲಿಯ ಮನೆಯವರಿಗೆ ಅದೇ ಲಾರಿ. ಅಕ್ಕಿ, ಗ್ಯಾಸಿನ ಸಿಲಿಂಡರು, ಸಿಮೆಂಟು, ಇಟ್ಟಿಗೆ ಯಾವುದೇ ಆಗಲಿ, ದಸ್ತೂರಿಯಿಂದ ಮುಂದೆ ಕುದುರೆಯ ಬೆನ್ನೋ ಮನುಷ್ಯನ ತೋಳೋ ಬೇಕೇ ಬೇಕು. ಇಲ್ಲಿ ಅಂಗಡಿಯಿಂದ ಮನೆಗೆ ಬಿಟ್ಟಿಯಾಗಿ ಬರುವ ಸಿಮೆಂಟಿನ ಚೀಲಕ್ಕೆ ಅಲ್ಲಿ ಪ್ರತ್ಯೇಕ ಕೂಲಿ. ಒಂದು ಹೆಂಚು ಒಡೆದರೂ ಅದೇ ಲೆಕ್ಕ. ದಸ್ತೂರಿ ದಾರಿಗೆ ಕೆಂಪು ಮಣ್ಣಿನ ಬದಲು ಕಟ್ಟಡದ ಕಲ್ಲು ಹಾಸುವ ವಿಚಾರ ಬಂದಾಗ ಕುದುರೆಯವರು ಏಕೆ ಗದ್ದಲ ಮಾಡಿದರು? ಲಾಳ ಹೊಡೆದ ಗೊರಸು ನುಣುಪು ಹಾಸಿನ ಮೇಲೆ ಜಾರುತ್ತದೆ. ಕುದುರೆಯ ಕಾಲು ಮುರಿದರೆ ಒಂದು ಮನೆಯ ಒಲೆ ಆರುತ್ತದೆ.

ಎರಡನೆಯದು ಮಳೆ. ಜೂನ್ ಬಂತೆಂದರೆ ನೇರಳದಿಂದ ಅಮನ್ ಲಾಜ್‌ವರೆಗಿನ ರೈಲು ನಾಲ್ಕು ತಿಂಗಳು ನಿಲ್ಲುತ್ತದೆ. 2005ರ ಜುಲೈ 26ರ ಪ್ರಳಯದ ಮಳೆಯನ್ನು ಕಲ್ಯಾಣದವರು ಮರೆಯಲಾರರು. ಅಂದು ಕೊಚ್ಚಿಹೋದ ಹಳಿ ಸರಿಯಾಗಿ ಗಾಡಿ ಓಡಲು 2007 ಆಯಿತು. 2019ರ ಮಳೆಗೆ ಮತ್ತೆ ಕೆಟ್ಟ ದಾರಿ 2022ರ ಅಕ್ಟೋಬರಿನಲ್ಲಿ ತೆರೆಯಿತು. ಸಾಮಾನು ಹೊತ್ತ ಕುದುರೆಯ ಹಿಂದೆ ನಡೆಯುತ್ತಿದ್ದ ಒಬ್ಬ ಹಿರಿಯರನ್ನು, “ಕಾಕಾ, ಇಲ್ಲಿ ಮನೆ ಮಾಡಿದರೆ ಹೇಗೆ?” ಎಂದು ನಾನು ವಿಚಾರಿಸಿದ್ದುಂಟು. ಅವರು, “ಮೊದಲು ಶ್ರಾವಣದಲ್ಲಿ ಎಂಟು ದಿನ ಬಂದಿರಿ ಸಾಹೇಬ, ಆಮೇಲೆ ಮನೆಯ ಮಾತು” ಎಂದರು. ಇದಕ್ಕಿಂತ ಒಳ್ಳೆಯ ಸಲಹೆಯನ್ನು ಯಾವ ದಲಾಲನೂ ಕೊಡಲಾರ. ಮುಪ್ಪಿನಲ್ಲಿ ರಾತ್ರಿ ಎದೆ ನೋವು ಬಂದರೆ? ಆಂಬುಲೆನ್ಸಿಗೆ ಊರೊಳಗೆ ಬಿಡುವುಂಟು, ನಿಜ. ಆದರೆ ದೊಡ್ಡ ಚಿಕಿತ್ಸೆಗೆ ಘಟ್ಟ ಇಳಿಯಲೇಬೇಕು.

ಮೂರನೆಯದು ಕಾಗದ. ಇಲ್ಲಿ ತಾವು ಎರಡು ಜಾಗಗಳನ್ನು ಬೇರೆ ಮಾಡಿ ನೋಡಬೇಕೆಂದು ಅರಿಕೆ ಮಾಡುತ್ತೇನೆ: ಬೆಟ್ಟದ ಮೇಲಿನದು, ತಪ್ಪಲಿನದು.

ಮೇಲಿನ ಹಳೆಯ ಬಂಗಲೆಗಳ ನಿವೇಶನಗಳಲ್ಲಿ ಹಲವು ಸರಕಾರದಿಂದ ದೀರ್ಘಾವಧಿಯ ಗುತ್ತಿಗೆಗೆ ಪಡೆದವು. ಗುತ್ತಿಗೆ ಎಂದಮೇಲೆ ಅವಧಿ ಎಷ್ಟು ಉಳಿದಿದೆ, ನವೀಕರಣ ಆಗಿದೆಯೇ, ಪರಭಾರೆಗೆ ಪರವಾನಗಿ ಇದೆಯೇ ಎಂದು ಕೇಳಬೇಕು. ಅಲ್ಲದೆ 2003ರ ಫೆಬ್ರುವರಿ 4ರಂದು ಕೇಂದ್ರ ಸರಕಾರ ಮಾಥೇರಾನ್ ಮತ್ತು ಸುತ್ತಲಿನ ಸುಮಾರು 215 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ವಲಯವೆಂದು ಸಾರಿದೆ. ಮರ ಕಡಿಯುವುದಕ್ಕೂ ಹಸಿರು ಜಮೀನನ್ನು ಬೇರೆ ಬಳಕೆಗೆ ತಿರುಗಿಸುವುದಕ್ಕೂ ಅಲ್ಲಿ ಕಟ್ಟುನಿಟ್ಟು. ಕೊಂಡ ಮೇಲೆ ನಮ್ಮ ಇಷ್ಟದಂತೆ ಮಹಡಿ ಏರಿಸುತ್ತೇವೆ ಎಂಬ ಮಾತು ನಡೆಯದು.

ಇನ್ನು ತಪ್ಪಲು. ಜಾಹೀರಾತಿನ ನಿವೇಶನಗಳು ಬಹುಮಟ್ಟಿಗೆ ಇಲ್ಲಿಯವು. ಮೊದಲಿಗೆ ಅದೂ ಸೂಕ್ಷ್ಮ ವಲಯದೊಳಗೆ ಬೀಳುತ್ತದೆಯೇ ಎಂದು ಸರ್ವೆ ನಂಬರಿನಿಂದ ತಿಳಿಯಿರಿ. ಬಳಿಕ ಸಾತ್‌ಬಾರಾ ಉತಾರ ತೆಗೆಸಿ. ನಮ್ಮ ಊರಿನ ಪಹಣಿ ಇದ್ದಂತೆಯೇ ಇದು. ಹಳ್ಳಿಯ ಏಳನೆಯ ನಮೂನೆಯಲ್ಲಿ ಹಕ್ಕುದಾರನ ಹೆಸರು, ಹನ್ನೆರಡನೆಯದರಲ್ಲಿ ಬೆಳೆಯ ವಿವರ. ಅದರಲ್ಲಿ ಭೋಗವಟಾದಾರ ವರ್ಗ 2 ಎಂದಿದ್ದರೆ ಸರಕಾರದ ಅನುಮತಿಯಿಲ್ಲದೆ ಮಾರಾಟ ಆಗದು. ಮಾಲಿಕ ಆದಿವಾಸಿಯಾಗಿದ್ದರೆ, 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆಯ 36ಎ ಕಲಮಿನಂತೆ ಆದಿವಾಸಿಯಲ್ಲದವರಿಗೆ ಆ ಜಮೀನು ಸುಮ್ಮನೆ ದಾಟುವುದಿಲ್ಲ. ದಾಟಲೂ ಬಾರದು. ಎರಡು ಸೀಸೆ ಹೆಂಡಕ್ಕೆ ಹೊಲ ಹೋಗಬಾರದೆಂದೇ ಆ ಕಾಯಿದೆ.

ನಮ್ಮವರು ಎಡವುವುದು ಮುಖ್ಯವಾಗಿ ಇನ್ನೊಂದು ಕಡೆ. ಕರ್ನಾಟಕದಲ್ಲಿ 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ಬೇಸಾಯಗಾರನಲ್ಲದವನೂ ಹೊಲ ಕೊಳ್ಳಬಹುದಾಗಿದೆ. ಊರಿನಿಂದ ಈ ಸುದ್ದಿ ಕೇಳಿದವರು ಇಲ್ಲಿಯೂ ಹಾಗೆಯೇ ಎಂದುಕೊಳ್ಳುತ್ತಾರೆ. ಇಲ್ಲಿ ಹಾಗಲ್ಲ. 1948ರ ಗೇಣಿ ಮತ್ತು ಸಾಗುವಳಿ ಜಮೀನು ಕಾಯಿದೆಯ 63ನೆಯ ಕಲಮಿನಂತೆ, ಸಾಗುವಳಿಯ ಜಮೀನನ್ನು ಬೇಸಾಯಗಾರನಲ್ಲದವನಿಗೆ ಮಾರಬೇಕಾದರೆ ಕಲೆಕ್ಟರರ ಅನುಮತಿ ಬೇಕು. ಇಲ್ಲದಿದ್ದರೆ 84ಸಿ ಕಲಮಿನಂತೆ ವ್ಯವಹಾರವೇ ಅಸಿಂಧುವೆಂದು ಸಾರಬಹುದು. ನೋಂದಣಿ ಆಯಿತು, ಮುದ್ರಾಂಕ ಕಟ್ಟಿದೆವು ಎಂದ ಮಾತ್ರಕ್ಕೆ ದೋಷ ತೊಳೆದುಹೋಗದು. ಹತ್ತು ಮಂದಿ ಅಪರಿಚಿತರ ಹೆಸರನ್ನು ಒಂದೇ ಉತಾರದಲ್ಲಿ ಸೇರಿಸಿ, ‘ನಿಮ್ಮ ಪಾಲು ಎರಡು ಗುಂಟೆ’ ಎಂದು ಬಾಯಲ್ಲಿ ಹೇಳುವ ಮಾರಾಟವನ್ನು ದೂರದಿಂದಲೇ ಕೈಮುಗಿದು ಬಿಡಿ. ಆ ಎರಡು ಗುಂಟೆ ಹೊಲದ ಯಾವ ಮೂಲೆಯಲ್ಲಿದೆ ಎಂದು ನಾಳೆ ನಮ್ಮ ಮಕ್ಕಳು ಯಾರನ್ನು ಕೇಳಬೇಕು?

‘ಎನ್.ಎ.’ ಎಂದರೆ ಸಾಗುವಳಿಯೇತರ ಎಂದರ್ಥ. ಆ ಆಜ್ಞೆಯ ನಕಲನ್ನು ಕೇಳಿ. ‘ಆಗಲಿದೆ’ ಎಂದರೆ ‘ಆಗಿಲ್ಲ’ ಎಂದು ಬರೆದುಕೊಳ್ಳಿ. 500 ಚದರ ಮೀಟರಿಗೆ ಮೀರಿದ ಜಾಗವನ್ನು ನಿವೇಶನ ಮಾಡಿ ಮಾರುವವನು 2016ರ ಕಾಯಿದೆಯಂತೆ ಮಹಾರೇರಾದಲ್ಲಿ ನೋಂದಣಿ ಮಾಡಿಸಬೇಕು. ಆ ನಂಬರನ್ನು ಮನೆಯಲ್ಲೇ ಕುಳಿತು ಪರೀಕ್ಷಿಸಬಹುದು. ಸಾತ್‌ಬಾರಾ ಸಹ ಮಹಾಭೂಲೇಖದಲ್ಲಿ ನೋಡಲು ಸಿಗುತ್ತದೆ. ಮರಾಠಿ ಓದಲು ತೊಡಕಾದವರು ಭಾನುವಾರ ಇಲ್ಲಿಗೆ ತನ್ನಿ, ಒಟ್ಟಿಗೆ ಕುಳಿತು ಓದೋಣ. ಕೊನೆಯ ಮಾತನ್ನು ಮಾತ್ರ ವಕೀಲರಿಂದಲೇ ಕೇಳಬೇಕು.

ನಾಲ್ಕನೆಯದು ಲೆಕ್ಕ. ವರ್ಷಕ್ಕೆ 52 ವಾರ. ಮಳೆಗಾಲದ 17 ವಾರ ಕಳೆಯಿರಿ, 35 ಉಳಿಯಿತು. ಊರಿನ ಜಾತ್ರೆ, ಮದುವೆ, ಮುಂಜಿ, ಮೊಮ್ಮಕ್ಕಳ ಪರೀಕ್ಷೆ, ಮಂಡಿನೋವು ಇವಕ್ಕೆಲ್ಲ ಸೇರಿ 15 ತೆಗೆಯಿರಿ. ಉಳಿದ 20 ವಾರಕ್ಕೆ ಎರಡೆರಡು ದಿನವೆಂದರೆ 40 ದಿನ. ನಲವತ್ತು ದಿನದ ತಂಪಿಗಾಗಿ ಜೀವಮಾನದ ಗಳಿಕೆಗೆ ಬೀಗ ಹಾಕಬೇಕೇ? ಆ ಹಣ ಬ್ಯಾಂಕಿನಲ್ಲಿದ್ದರೆ ಅದರ ಬಡ್ಡಿಯಲ್ಲೇ ಮಾಥೇರಾನದಲ್ಲಿ ಕೋಣೆ ಬಾಡಿಗೆಗೆ ಹಿಡಿಯಬಹುದು. ಆಗ ಹೆಂಚು ಒಡೆದರೆ ಚಿಂತೆ ಮಾಲಿಕನದು.

ಹಾಗಾದರೆ ಯಾರೂ ಕೊಳ್ಳಲೇಬಾರದೇ? ಹಾಗೆ ನಾನು ಹೇಳುತ್ತಿಲ್ಲ. ಕಾಗದ ಶುದ್ಧವಾಗಿದ್ದು, ಅಲ್ಲಿ ಹೋಗಿ ನಿಜವಾಗಿ ನೆಲಸುವ ಮನಸ್ಸೂ ಕಾಲಲ್ಲಿ ಶಕ್ತಿಯೂ ಉಳ್ಳವರು ಕೊಳ್ಳಲಿ. ಒಂದು ಮಳೆಗಾಲ ಬಾಡಿಗೆಗಿದ್ದು ನೋಡಿ ಕೊಳ್ಳಲಿ. ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ ಮ್ಯಾಕಿನಾ ಎಂಬ ದ್ವೀಪವಿದೆ. ಅಲ್ಲಿ 1898ರಲ್ಲೇ ಮೋಟಾರನ್ನು ನಿಷೇಧಿಸಿ ಇಂದಿಗೂ ಕುದುರೆಗಾಡಿಯನ್ನೇ ಉಳಿಸಿಕೊಂಡಿದ್ದಾರೆ. ಅಂಥ ಊರುಗಳು ಸುಂದರವಾಗಿರುವುದು ಅಲ್ಲಿಯ ನಿಯಮಗಳಿಂದ. ಮಾಥೇರಾನದಲ್ಲಿ ಕೊಳ್ಳುವುದೂ ಕಟ್ಟುವುದೂ ಸುಲಭವಾಗಿದ್ದಿದ್ದರೆ, ಇಷ್ಟರಲ್ಲಿ ಅದು ಇನ್ನೊಂದು ಡೊಂಬಿವಲಿ ಆಗಿರುತ್ತಿತ್ತು. ಆಗ ನಾವು ಅಲ್ಲಿಗೆ ಹೋಗಲು ಏಕೆ ಬಯಸುತ್ತಿದ್ದೆವು? ನಮಗೆ ತೊಡಕಾಗಿ ಕಾಣುವ ಕಾಯಿದೆಯೇ ಆ ಕಾಡಿನ ಬೇಲಿ. ‘ಅದನ್ನು ನಾನು ದಾಟಿಸಿಕೊಡುತ್ತೇನೆ’ ಎನ್ನುವ ದಲಾಲ ನಮ್ಮ ಹಣಕ್ಕೂ ಆ ಬೆಟ್ಟಕ್ಕೂ ಏಕಕಾಲಕ್ಕೆ ಶತ್ರು.

ದೂರದ ಬೆಟ್ಟ ನುಣ್ಣಗೆ ಎಂದು ಹಿರಿಯರು ಹೇಳಿದ್ದಾರೆ. ಹತ್ತಿರ ಹೋಗಿ ನೋಡೋಣ, ನಡೆದು ನೋಡೋಣ, ಕಾಗದ ಓದಿ ನೋಡೋಣ. ಇನ್ನು ಮುಂದೆ ಜಾಹೀರಾತು ಬೇಕಾದವರು ದಯವಿಟ್ಟು ನಕಲು ಬರೆದುಕೊಳ್ಳಿ. ಪತ್ರಿಕೆಯ ಹಿಂದಿನ ಪುಟವನ್ನು ಓದಲು ಬರುವವರೂ ನಮ್ಮ ವಾಚನಾಲಯದಲ್ಲಿ ಇದ್ದಾರೆ.