ನೋವಿಲ್ಲದ ದಿನದ ಪರೀಕ್ಷೆ



ನನ್ನ ಊರು ಮತ್ತಿಘಟ್ಟ, ಶಿರಸಿ ತಾಲೂಕಿನ ಘಟ್ಟದ ಸೀಮೆ. ಅಡಕೆ ತೋಟವೇ ಅಲ್ಲಿಯ ಜೀವನಾಧಾರ. ಮಳೆಗಾಲ ಕಾಲಿಡುತ್ತಿದ್ದಂತೆ ಮನೆಮನೆಯಲ್ಲೂ ಮೈಲುತುತ್ತು ಸುಣ್ಣಗಳನ್ನು ಕೂಡಿಸಿ ಬೋರ್ಡೋ ದ್ರಾವಣ ಸಿದ್ಧಪಡಿಸುತ್ತಾರೆ. ಅಡಕೆಗೆ ಕೊಳೆ ತಗುಲಿದ ಮೇಲೆ ಔಷಧ ಹೊಡೆದರೆ ಹೆಚ್ಚು ಫಲವಿಲ್ಲ, ಕೊನೆ ಆರೋಗ್ಯವಾಗಿರುವಾಗಲೇ ಹೊಡೆಯಬೇಕು ಎಂಬುದು ಅಲ್ಲಿಯ ಮಕ್ಕಳಿಗೂ ತಿಳಿದ ಮಾತು. ತೋಟದ ವಿಷಯದಲ್ಲಿ ಇಷ್ಟು ಮುಂದಾಲೋಚನೆಯುಳ್ಳ ನಾವು ಮನೆಯ ಹೆಂಗಸರ ದೇಹದ ವಿಷಯದಲ್ಲಿ ಮಾತ್ರ ರೋಗ ಕಾಣಿಸಿಕೊಳ್ಳುವವರೆಗೂ ಏಕೆ ಕಾಯುತ್ತೇವೆ?

ನಾನು ಹೇಳಹೊರಟಿರುವುದು ಗರ್ಭಕೋಶದ ಕೊರಳಿನ ಕ್ಯಾನ್ಸರ್ ಕುರಿತು. 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ 1,20,000ಕ್ಕೂ ಹೆಚ್ಚು ಮಹಿಳೆಯರು ಇದಕ್ಕೆ ತುತ್ತಾಗುತ್ತಾರೆ. 75,000ಕ್ಕೂ ಹೆಚ್ಚು ಮಂದಿ ಸಾಯುತ್ತಾರೆ. ಈ ಸಾವುಗಳಲ್ಲಿ ಬಹುಪಾಲು ತಪ್ಪಿಸಬಹುದಾದವು ಎಂಬುದೇ ದುಃಖದ ಸಂಗತಿ.

ಈ ರೋಗಕ್ಕೆ ಮೂಲ ಒಂದು ವೈರಾಣು. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ದಾಂಪತ್ಯ ಜೀವನ ನಡೆಸುವ ಹೆಚ್ಚಿನವರಿಗೆ ಈ ವೈರಾಣು ಎಂದಾದರೊಮ್ಮೆ ತಗುಲಿಯೇ ತಗುಲುತ್ತದೆ. ಬಹುತೇಕ ಎಲ್ಲರಲ್ಲೂ ಅದು ತಾನಾಗಿ ಮಾಯವಾಗುತ್ತದೆ. ಆದ್ದರಿಂದ ರೋಗ ಬಂದವಳ ನಡತೆಯನ್ನು ಶಂಕಿಸುವುದು ಅಜ್ಞಾನವೂ ಹೌದು, ಕ್ರೌರ್ಯವೂ ಹೌದು. ಕೆಲವರಲ್ಲಿ ಮಾತ್ರ ವೈರಾಣು ಉಳಿದುಕೊಂಡು, ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಕ್ಯಾನ್ಸರಿಗೆ ಹಾದಿಮಾಡುತ್ತದೆ. ಅಷ್ಟು ದೀರ್ಘ ಕಾಲ ನೋವಿಲ್ಲ, ಜ್ವರವಿಲ್ಲ. ಪರೀಕ್ಷೆಗೆ ತಕ್ಕ ಸಮಯ ಅದೇ.

ಪರೀಕ್ಷೆ ಕಷ್ಟದ್ದಲ್ಲ. ವಿನೆಗರಿನಲ್ಲಿರುವ ಆಮ್ಲವನ್ನೇ ತೆಳುವಾಗಿ ಸವರಿ ನಿಮಿಷ ಕಾಯ್ದರೆ, ಕೆಟ್ಟ ಭಾಗ ಬೆಳ್ಳಗಾಗಿ ಕಾಣಿಸಬಹುದು. ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಸಾಮಾನ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು ಈ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಿದರು; ಈ ರೋಗದ ಸಾವುಗಳು ಶೇಕಡಾ 31ರಷ್ಟು ಇಳಿದುವು. ನಮ್ಮ ಕಲಬುರಗಿ, ಬೀದರ್‌ಗಳಿಗೆ ನೆರೆಯ, ಆಗ ಉಸ್ಮಾನಾಬಾದ್ ಎನ್ನುತ್ತಿದ್ದ ಜಿಲ್ಲೆಯ ಹಳ್ಳಿಗಳಲ್ಲಿ ಇನ್ನೊಂದು ಅಧ್ಯಯನ ನಡೆಯಿತು. ಅದರ ಫಲಿತಾಂಶ ಪ್ರಕಟವಾದದ್ದು 2009ರಲ್ಲಿ. ಒಂದೇ ಒಂದು ಸಲ ವೈರಾಣುವಿನ ಪರೀಕ್ಷೆ ನಡೆಸಿದ ಹಳ್ಳಿಗಳಲ್ಲಿ ಸಾವಿನ ಪ್ರಮಾಣ ಸುಮಾರು ಅರ್ಧಕ್ಕಿಳಿದಿತ್ತು. ಓದು ಬರಹ ಬಾರದ, ಹೊಲದಲ್ಲಿ ದುಡಿಯುವ ಹೆಂಗಸರು ಪರೀಕ್ಷೆಗೆ ಮುಂದೆ ಬಂದರು ಎಂಬುದನ್ನು ನಾವು ನೆನೆಯಬೇಕು.

ಮೂವತ್ತರಿಂದ ಅರವತ್ತೈದರ ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆಯಾಗಬೇಕೆಂದು ಕೇಂದ್ರ ಸರಕಾರ 2016ರಲ್ಲೇ ಮಾರ್ಗಸೂಚಿ ಹೊರಡಿಸಿತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮೂವತ್ತರಿಂದ ನಲವತ್ತೊಂಬತ್ತರ ಮಹಿಳೆಯರಲ್ಲಿ ಎಂದಾದರೂ ಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ.

ಅಡ್ಡಿ ಎಲ್ಲಿದೆ? ಸಂಕೋಚದಲ್ಲಿದೆ ಎನ್ನುತ್ತಾರೆ. ಅದು ಅರ್ಧ ಸತ್ಯ. ಬಿಳಿಸೆರಗಿನ ಮಾತನ್ನು ನಮ್ಮ ಹೆಂಗಸರು ಅಡುಗೆಮನೆಯ ಮೂಲೆಯಲ್ಲಿ ಪಿಸುದನಿಯಲ್ಲಿ ಆಡುವುದುಂಟು. ಉಳಿದರ್ಧ ಬಿಡುವಿನ ಪ್ರಶ್ನೆ. ಕೊಟ್ಟಿಗೆಯ ಕೆಲಸ, ಅಡಕೆ ಸುಲಿತ, ಬಂದು ಹೋಗುವವರ ಉಪಚಾರ ಇವುಗಳ ನಡುವೆ ನೋವಿಲ್ಲದ ದೇಹಕ್ಕಾಗಿ ಒಂದು ಹಗಲನ್ನು ಕೇಳುವ ಧೈರ್ಯ ಯಾವ ಸೊಸೆಗಿದೆ? ಅವಳು ಕೇಳುವವರೆಗೆ ಕಾಯದೆ, ಆ ಹಗಲನ್ನು ಕೊಡಬೇಕಾದವರು ಅತ್ತೆ ಮತ್ತು ಗಂಡ.

ತಡಮಾಡಿದರೆ ಹಾದಿ ದೂರವಾಗುತ್ತದೆ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ, ಇಲ್ಲವೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಅಲೆದಾಟ. ಖರ್ಚಿಗೆ ತೋಟವೇ ಅಡವು. ಮೊದಲೇ ಕಂಡರೆ ಕೆಟ್ಟ ಭಾಗವನ್ನಷ್ಟೇ ತೆಗೆದು ಅಂದೇ ಮನೆಗೆ ಮರಳಬಹುದಾದದ್ದುಂಟು. ಹೆಣ್ಣುಮಕ್ಕಳಿಗೆ ಒಂಬತ್ತರಿಂದ ಹದಿನಾಲ್ಕರೊಳಗೆ ಲಸಿಕೆಯೂ ಇದೆ. ನಮ್ಮ ದೇಶದಲ್ಲೇ ತಯಾರಾದ ಲಸಿಕೆಗೆ 2022ರಲ್ಲಿ ಅನುಮತಿ ದೊರೆತಿದೆ. ಲಸಿಕೆ ಪಡೆದವಳಿಗೂ ಮುಂದೆ ಪರೀಕ್ಷೆ ಬೇಕು.

ಮುಟ್ಟು ನಿಂತ ಮೇಲೆ ರಕ್ತ ಕಾಣಿಸಿದರೆ, ದಂಪತಿಗಳು ಕೂಡಿದ ಬಳಿಕ ರಕ್ತ ಹೋದರೆ, ದುರ್ವಾಸನೆಯ ಸ್ರಾವವಿದ್ದರೆ ಒಂದು ದಿನವೂ ಕಾಯಬೇಡಿ. ಇವಾವುವೂ ಇಲ್ಲದವರು ಏನೂ ಇಲ್ಲವೆಂಬ ಕಾರಣಕ್ಕಾಗಿಯೇ ಹತ್ತಿರದ ಸರಕಾರಿ ಆಸ್ಪತ್ರೆಗೆ ಹೋಗಿ ವಿಚಾರಿಸಿ. ಒಬ್ಬರೇ ಹೋಗಲು ಅಳುಕಾದರೆ ನೆರೆಮನೆಯವರನ್ನೂ ಕರೆದುಕೊಳ್ಳಿ. ಅವರಿಗೂ ಅದರ ಅಗತ್ಯವಿದೆ.